ಡ್ರಮ್ಮೋ, ಬೆಲ್ಟೋ? ಹಲಗೆ ಉಜ್ಜುವ ಯಂತ್ರದ ಒಂದು ಲೆಕ್ಕ

ಮಕ್ಕಳೇ, ಮುಂದೆ ಓದುವ ಮೊದಲು ನೀವು ಕೂತಿರುವ ಡೆಸ್ಕಿನ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ. ನುಣುಪಾಗಿ ಉಂಟಲ್ಲ? ಈಗ ತಲೆ ತಗ್ಗಿಸಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು, ಕಿಟಕಿಯ ಬೆಳಕು ಬರುವ ಕಡೆಗೆ ನೋಡಿ. ಕೈಗೆ ಸಿಗದ ಗೀರುಗಳು, ಸಣ್ಣ ಅಲೆಗಳು ಕಣ್ಣಿಗೆ ಕಾಣುತ್ತವೆ. ಓರೆಯಾಗಿ ಬೀಳುವ ಬೆಳಕಿನಲ್ಲಿ ಪ್ರತಿಯೊಂದು ಗೀರಿಗೂ ಒಂದು ನೆರಳು ಬೀಳುವುದೇ ಇದಕ್ಕೆ ಕಾರಣ. ಅನುಭವ ಇರುವ ಆಚಾರಿಗಳು ಪಾಲಿಶ್ ಹಚ್ಚುವ ಮೊದಲು ಹಲಗೆಯನ್ನು ಹೀಗೇ ಓರೆಯಾಗಿ ಹಿಡಿದು ನೋಡುತ್ತಾರೆ. ಪಾಲಿಶ್ ಗೀರನ್ನು ಮುಚ್ಚುವುದಿಲ್ಲ, ಇನ್ನೂ ಎತ್ತಿ ತೋರಿಸುತ್ತದೆ.

ಈ ಲೇಖನ ಹುಟ್ಟಿದ್ದು ಎಂಟನೇ ತರಗತಿಯ ಒಬ್ಬ ಹುಡುಗನ ಪ್ರಶ್ನೆಯಿಂದ. "ಟೀಚರ್, ನನ್ನ ಮಾವನ ಮರದ ಕೆಲಸದ ಶೆಡ್ಡಿಗೆ ಹಲಗೆ ಉಜ್ಜುವ ಮೆಷಿನ್ ತರ್ತಾರಂತೆ. ಡ್ರಮ್ ಸ್ಯಾಂಡರ್ ತರೋದೋ, ವೈಡ್ ಬೆಲ್ಟ್ ಸ್ಯಾಂಡರ್ ತರೋದೋ ಅಂತ ಮನೆಯಲ್ಲಿ ದಿನಾ ಚರ್ಚೆ. ಬೆಲ್ಟಿನದ್ದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೀಬೇಕು. ಅದು ಅಷ್ಟು ಒಳ್ಳೇದಾ?" ವಿಜ್ಞಾನದ ಪಾಠದಲ್ಲಿ ಘರ್ಷಣೆ ಓದಿದ್ದೀರಿ, ಗಣಿತದಲ್ಲಿ ವೃತ್ತ, ಪೈಥಾಗೊರಸ್. ಈ ಪ್ರಶ್ನೆಗೆ ಉತ್ತರ ಹುಡುಕಲು ಅಷ್ಟು ಸಾಕು. ಉತ್ತರ ತಪ್ಪಿದರೆ ಮಾತ್ರ ಹೋಗುವುದು ಒಂದೆರಡು ಅಂಕ ಅಲ್ಲ, ಒಂದು ಮನೆಯ ಹಲವು ವರ್ಷಗಳ ದುಡಿಮೆ.

ಉಜ್ಜುವುದು ಎಂದರೆ ಏನು?

ಮರಳುಕಾಗದ, ಅಂಗಡಿಯಲ್ಲಿ ಕೇಳುವಾಗ ಸ್ಯಾಂಡ್ ಪೇಪರ್, ಮರವನ್ನು 'ತಿಕ್ಕುತ್ತದೆ' ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ಕತ್ತರಿಸುತ್ತದೆ. ಕಾಗದಕ್ಕೆ ಅಂಟಿಸಿದ ಒಂದೊಂದು ಕಣವೂ ಒಂದೊಂದು ಪುಟ್ಟ ಉಳಿ. ಹೆಸರಿನಲ್ಲಿ ಮರಳು ಇದ್ದರೂ ಈಗ ಮರಕ್ಕೆ ಬಳಸುವ ಕಾಗದದಲ್ಲಿ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡ್. ಮೋಸ್ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 9. ಕಾಗದದ ಹಿಂದೆ P80, P120, P180 ಎಂದು ಬರೆದಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು: P80ರ ಕಣ ಸರಾಸರಿ 0.2 ಮಿ.ಮೀ., P120ರದ್ದು 0.125 ಮಿ.ಮೀ., P180ರದ್ದು ಸುಮಾರು 0.08 ಮಿ.ಮೀ. ಮೊದಲು ದೊಡ್ಡ ಕಣದಿಂದ ಮಟ್ಟ ಮಾಡಬೇಕು, ಆಮೇಲೆ ಆ ಗೀರುಗಳನ್ನು ಸಣ್ಣ ಕಣದಿಂದ, ಅದರ ಗೀರುಗಳನ್ನು ಇನ್ನೂ ಸಣ್ಣದರಿಂದ ಅಳಿಸುತ್ತಾ ಹೋಗಬೇಕು. ನಡುವಿನ ಒಂದು ಮೆಟ್ಟಿಲು ಹಾರಿದರೆ ಹಳೆಯ ಗೀರು ಹಾಗೇ ಉಳಿಯುತ್ತದೆ.

ನಮ್ಮ ಕಾಡಿನಲ್ಲೇ ಒಂದು ಮರಳುಕಾಗದ ಬೆಳೆಯುತ್ತದೆ, ಗೊತ್ತಾ? ಗರಗತ್ತಿ ಮರ. ಮಲಯಾಳದಲ್ಲಿ ತೇರಕ ಅನ್ನುತ್ತಾರೆ. ಅತ್ತಿ, ಆಲದ ಜಾತಿಯದ್ದೇ. ಅದರ ಎಲೆಯಲ್ಲಿ ಸಿಲಿಕಾ ಇರುವುದರಿಂದ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಹಿಂದೆ ಮರದ ಸಾಮಾನುಗಳನ್ನು ಈ ಎಲೆಯಿಂದಲೇ ಉಜ್ಜಿ ನುಣುಪು ಮಾಡುತ್ತಿದ್ದರು. ಎಲೆ ಸಿಕ್ಕಿದರೆ ಒಂದು ಸ್ಕೇಲಿನ ಅಂಚಿಗೆ ಉಜ್ಜಿ ನೋಡಿ.

ಎರಡು ಯಂತ್ರಗಳು

ಎರಡರಲ್ಲೂ ಕೆಲಸ ಸಾಗುವ ಕ್ರಮ ಒಂದೇ. ಕೆಳಗೆ ಒಂದು ರಬ್ಬರ್ ಪಟ್ಟಿ ಹಲಗೆಯನ್ನು ಹೊತ್ತುಕೊಂಡು ನಿಧಾನವಾಗಿ ಒಳಗೆ ಒಯ್ಯುತ್ತದೆ, ಮೇಲೆ ಮರಳುಕಾಗದ ಜೋರಾಗಿ ತಿರುಗುತ್ತದೆ, ಹಲಗೆ ಆಚೆ ಕಡೆಯಿಂದ ಒಂದೇ ದಪ್ಪವಾಗಿ ಹೊರಗೆ ಬರುತ್ತದೆ. ವ್ಯತ್ಯಾಸ ಇರುವುದು ಕಾಗದ ಕೂತಿರುವ ರೀತಿಯಲ್ಲಿ.

ಡ್ರಮ್ ಸ್ಯಾಂಡರಿನಲ್ಲಿ ಒಂದು ಲೋಹದ ಉರುಳೆ ಉಂಟು. ಉದ್ದನೆಯ ಕಾಗದದ ಪಟ್ಟಿಯನ್ನು ಕ್ರಿಕೆಟ್ ಬ್ಯಾಟಿನ ಹಿಡಿಗೆ ಗ್ರಿಪ್ ಸುತ್ತುವ ಹಾಗೆ ಅದರ ಮೇಲೆ ಓರೆಯಾಗಿ ಸುತ್ತಿ, ಎರಡೂ ತುದಿಗಳನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತಾರೆ. ಅಷ್ಟೆ. ವೈಡ್ ಬೆಲ್ಟ್ ಸ್ಯಾಂಡರಿನಲ್ಲಿ ಕಾಗದವೇ ಒಂದು ಅಗಲವಾದ ಬಳೆ. ಕೆಳಗೊಂದು ಮೇಲೊಂದು ರೋಲರ್ ಇಟ್ಟು ಅವುಗಳ ಸುತ್ತ ಈ ಬಳೆಯನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಮರಕ್ಕೆ ತಾಗುವುದು ಕೆಳಗಿನ ರೋಲರಿನ ಹತ್ತಿರ ಮಾತ್ರ. ಓಡುವಾಗ ಬೆಲ್ಟು ಒಂದೇ ಕಡೆ ಇರುವುದಿಲ್ಲ, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಸರಿಯುತ್ತಾ ಇರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಹೀಗೆ ಸರಿಸುವುದಕ್ಕೂ ಬಿಗಿ ಹಿಡಿಯುವುದಕ್ಕೂ ಒತ್ತಿದ ಗಾಳಿ ಬೇಕು. ಅಂದರೆ ಯಂತ್ರದ ಜೊತೆಗೆ ಒಂದು ಕಂಪ್ರೆಸರ್ ಕೂಡ ಬಂತು.

ಈ ಎರಡನೆಯದ್ದು ನೋಡಲು ಬಹಳ ಗತ್ತಿನ ಯಂತ್ರ. ಪ್ಲೈವುಡ್ ಕಾರ್ಖಾನೆಗಳಲ್ಲಿ ಹಾಳೆಗಳನ್ನು ಒಂದೇ ದಪ್ಪಕ್ಕೆ ತರುವುದು ಇದರ ದೊಡ್ಡ ಅಣ್ಣಂದಿರೇ. ಆದರೆ ಗತ್ತಿಗೆ ಹಣ ಕೊಡಬಾರದು, ಲೆಕ್ಕಕ್ಕೆ ಕೊಡಬೇಕು. ಬನ್ನಿ, ಲೆಕ್ಕ ಮಾಡುವಾ.

ಒಂದು ಕಣದ ವಿಶ್ರಾಂತಿ

ಅಂಗೈಗಳನ್ನು ಹತ್ತು ಸೆಕೆಂಡು ಜೋರಾಗಿ ಉಜ್ಜಿ. ಬಿಸಿಯಾಯಿತಲ್ಲ? ಘರ್ಷಣೆಯಲ್ಲಿ ಶಕ್ತಿ ಉಷ್ಣವಾಗುತ್ತದೆ. ಯಂತ್ರದಲ್ಲಿ ಈ ಬಿಸಿಯೇ ಮುಖ್ಯ ಶತ್ರು. ಬಿಸಿ ಹೆಚ್ಚಾದರೆ ಮರದೊಳಗಿನ ಅಂಟು, ಎಣ್ಣೆ ಎಲ್ಲ ಮೆತ್ತಗಾಗಿ ಹುಡಿಯ ಜೊತೆ ಸೇರಿ ಕಣಗಳ ನಡುವೆ ತುಂಬಿಕೊಳ್ಳುತ್ತದೆ. ತೇಗದಲ್ಲಿ ಎಣ್ಣೆಯಂಶ ಜಾಸ್ತಿ ಇರುವುದರಿಂದ ಅದು ಕಾಗದವನ್ನು ಬೇಗ ಕಟ್ಟಿಸುತ್ತದೆ. ಕಟ್ಟಿದ ಜಾಗ ಕತ್ತರಿಸುವುದಿಲ್ಲ, ಬರೀ ತಿಕ್ಕುತ್ತದೆ, ಇನ್ನೂ ಬಿಸಿಯಾಗುತ್ತದೆ, ಕೊನೆಗೆ ಹಲಗೆಯ ಮೇಲೆ ಕಂದು ಬಣ್ಣದ ಸುಟ್ಟ ಗೆರೆ.

ಈಗ ಡ್ರಮ್ಮನ್ನು ತೆಗೆದುಕೊಳ್ಳಿ. ಅದರ ವ್ಯಾಸ 12.7 ಸೆಂ.ಮೀ., ಅಂದರೆ 5 ಇಂಚು. ಸುತ್ತಳತೆ ಸುಮಾರು 40 ಸೆಂ.ಮೀ. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗಿಸಿದರೆ ಸೆಕೆಂಡಿಗೆ 24 ಸುತ್ತು. ಹಾಗಾದರೆ ಒಂದು ಕಣ ಒಂದು ಸೆಕೆಂಡಿನಲ್ಲಿ 24 ಸಲ ಮರಕ್ಕೆ ಹೋಗಿ ಗುದ್ದುತ್ತದೆ. ಕಣದ ವೇಗ 0.4 × 24, ಸೆಕೆಂಡಿಗೆ ಸುಮಾರು 9.6 ಮೀಟರ್.

ಪ್ರತಿ ಸಲ ಕಣ ಎಷ್ಟು ದೂರ ಮರದೊಳಗೆ ಓಡುತ್ತದೆ? ಇಲ್ಲಿ ಪೈಥಾಗೊರಸ್ ಬರಬೇಕು. ಉರುಳೆಯ ತ್ರಿಜ್ಯ 63.5 ಮಿ.ಮೀ. ಒಂದು ಸಲಕ್ಕೆ 0.2 ಮಿ.ಮೀ. ದಪ್ಪ ತೆಗೆಯುತ್ತೇವೆ ಎಂದಿಟ್ಟುಕೊಳ್ಳಿ. ಉರುಳೆಯ ಕೇಂದ್ರದಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಇನ್ನೊಂದು ಗೆರೆ, ಉಜ್ಜದ ಮರದ ಮೇಲ್ಮೈ ಉರುಳೆಗೆ ತಾಗುವ ಬಿಂದುವಿಗೆ. ಸಿಗುವ ಲಂಬಕೋನ ತ್ರಿಭುಜದಲ್ಲಿ ಕರ್ಣ 63.5, ಒಂದು ಬಾಹು 63.5 – 0.2 = 63.3. ಮೂರನೆಯ ಬಾಹುವಿನ ವರ್ಗ = 63.5² – 63.3². a² – b² ಸೂತ್ರ ಹಾಕಿ: 0.2 × 126.8 = 25.36. ವರ್ಗಮೂಲ ಸುಮಾರು 5. ಅಂದರೆ 400 ಮಿ.ಮೀ. ಸುತ್ತಿನಲ್ಲಿ ಕಣ ಮರದೊಳಗೆ ಇರುವುದು ಬರೀ 5 ಮಿ.ಮೀ. 80ರಲ್ಲಿ ಒಂದು ಪಾಲು ಕೆಲಸ, ಉಳಿದದ್ದು ಗಾಳಿಯಲ್ಲಿ ತಣಿಯುವ ವಿಶ್ರಾಂತಿ. ಒಂದು ಸುತ್ತಿನ ವಿಶ್ರಾಂತಿ ಸುಮಾರು 0.04 ಸೆಕೆಂಡ್.

ಬೆಲ್ಟಿನ ಕಥೆ ನೋಡಿ. ಬಳೆಯ ಉದ್ದ 190 ಸೆಂ.ಮೀ., ವೇಗ ಸೆಕೆಂಡಿಗೆ 15 ಮೀಟರ್. ಒಂದು ಸುತ್ತಿಗೆ 1.9 ÷ 15, ಸುಮಾರು 0.13 ಸೆಕೆಂಡ್. ವೇಗ ಹೆಚ್ಚಿದ್ದರೂ ಒಂದು ಕಣ ಸೆಕೆಂಡಿಗೆ 8 ಸಲ ಮಾತ್ರ ಮರ ಮುಟ್ಟುತ್ತದೆ, ಯಾಕೆಂದರೆ ದಾರಿ ಉದ್ದ. ಕೆಳಗಿನ ರೋಲರಿನ ತ್ರಿಜ್ಯ 100 ಮಿ.ಮೀ. ಇದ್ದು, 0.5 ಮಿ.ಮೀ. ದಪ್ಪ ತೆಗೆದರೂ ಮರದೊಳಗಿನ ಓಟ ಸುಮಾರು 10 ಮಿ.ಮೀ. ಅಷ್ಟೆ (ಮೇಲಿನ ಸೂತ್ರದಲ್ಲೇ ನೀವು ಮಾಡಿ ನೋಡಿ). 1900ರಲ್ಲಿ 10, ಅಂದರೆ 190ರಲ್ಲಿ ಒಂದು ಪಾಲು. ಕೆಲಸ ಡ್ರಮ್ಮಿಗಿಂತ ಜಾಸ್ತಿ, ವಿಶ್ರಾಂತಿಯೂ ಮೂರು ಪಟ್ಟು. ಅದಲ್ಲದೆ 60 ಸೆಂ.ಮೀ. ಅಗಲದ ಡ್ರಮ್ಮಿನಲ್ಲಿ ಇರುವುದು 2400 ಚದರ ಸೆಂ.ಮೀ. ಕಾಗದ, ಅಷ್ಟೇ ಅಗಲದ ಬೆಲ್ಟಿನಲ್ಲಿ 11,400. ಕೆಲಸ ಹಂಚಿಕೊಳ್ಳುವ ಕೈಗಳೂ ಹೆಚ್ಚು. ಬೆಲ್ಟು ಬೇಗ ಬಿಸಿಯಾಗದೆ, ಬೇಗ ಕಟ್ಟದೆ, ಹೆಚ್ಚು ದಪ್ಪ ತೆಗೆಯುವುದರ ಗುಟ್ಟು ಮೋಟರಿನ ಶಕ್ತಿಯಲ್ಲಿ ಮಾತ್ರ ಇಲ್ಲ, ಈ ಉದ್ದದಲ್ಲಿ ಉಂಟು.

ಇನ್ನೊಂದು ವಿಷಯ. ಡ್ರಮ್ಮಿನ ಮೇಲೆ ಒಂದು ಕಡೆ ಅಂಟು ಕಟ್ಟಿತು ಅನ್ನಿ. ಹೆಚ್ಚಿನ ಡ್ರಮ್ಮುಗಳು ಅಡ್ಡಕ್ಕೆ ಸರಿಯುವುದಿಲ್ಲವಲ್ಲ, ಆ ಜಾಗ ಪ್ರತಿ ಸುತ್ತಿನಲ್ಲೂ ಹಲಗೆಯ ಅದೇ ಗೆರೆಯ ಮೇಲೆ ಬರುತ್ತದೆ. ಫಲ, ಈ ತುದಿಯಿಂದ ಆ ತುದಿಯವರೆಗೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ನೇರ ಕಲೆ. ಬೆಲ್ಟು ಅತ್ತಿತ್ತ ಸರಿಯುವುದರಿಂದ ಅದೇ ದೋಷ ಹಾವಿನ ನಡಿಗೆಯ ಹಾಗೆ ಹರಡಿ ತೆಳುವಾಗುತ್ತದೆ. ಡ್ರಮ್ ಇರುವವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಹಲಗೆಯನ್ನು ನೇರ ಬಿಡುವ ಬದಲು ಸ್ವಲ್ಪ ಓರೆಯಾಗಿ ಬಿಡುತ್ತಾರೆ. ಕಾಗದ ಕಟ್ಟಿದರೆ ಕಚ್ಚಾ ರಬ್ಬರಿನ ಒಂದು ಗಟ್ಟಿಯನ್ನು ತಿರುಗುವ ಕಾಗದಕ್ಕೆ ಹಿಡಿಯುತ್ತಾರೆ, ಅಂಟು ರಬ್ಬರಿಗೆ ಹತ್ತಿಕೊಂಡು ಬರುತ್ತದೆ. ಪೆನ್ಸಿಲ್ ಗೀರು ಅಳಿಸುವ ಅದೇ ಗುಣ. ಹೀಗೆಲ್ಲ ಮಾಡಿದರೂ ಡ್ರಮ್ಮಿನಿಂದ ಬಂದ ಹಲಗೆಯ ಮೇಲೆ ಉದ್ದುದ್ದ ಗೀರು ಉಳಿಯುತ್ತದೆ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದ ಮತ್ತೊಮ್ಮೆ ಉಜ್ಜಲೇಬೇಕು. ಬೆಲ್ಟಿನದ್ದರಲ್ಲಿ ಈ ಕೊನೆಯ ಕೆಲಸ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಒಂದು ಬಾಗಿಲಿಗೆ ಎಷ್ಟು ಹೊತ್ತು?

ಹಲಸಿನ ಮರದ ಒಂದು ಬಾಗಿಲು ಹಲಗೆ: 2 ಮೀಟರ್ ಉದ್ದ, 60 ಸೆಂ.ಮೀ. ಅಗಲ. ತುಂಡುಗಳನ್ನು ಅಂಟಿಸಿ ಮಾಡಿದ್ದು, ಏರುತಗ್ಗು ತೆಗೆಯಲು 1.5 ಮಿ.ಮೀ. ಹೋಗಬೇಕು. ಡ್ರಮ್ಮಿನಲ್ಲಿ ಒಂದು ಸಲಕ್ಕೆ 0.2 ಮಿ.ಮೀ., ಹಲಗೆ ಸಾಗುವ ವೇಗ ನಿಮಿಷಕ್ಕೆ 2 ಮೀಟರ್ ಎಂದರೆ 8 ಸಲ ಹಾಕಬೇಕು, 8 ನಿಮಿಷ. ಬೆಲ್ಟಿನಲ್ಲಿ ಒಂದು ಸಲಕ್ಕೆ 0.5 ಮಿ.ಮೀ., ನಿಮಿಷಕ್ಕೆ 6 ಮೀಟರ್ ಎಂದರೆ 3 ಸಲ, ಒಟ್ಟು ಒಂದೇ ನಿಮಿಷ. ಎಂಟು ಪಟ್ಟು ವ್ಯತ್ಯಾಸ!

ಅಬ್ಬಾ ಎನಿಸುತ್ತದೆ. ಆದರೆ ನಿಲ್ಲಿ. ವಾರಕ್ಕೆ ನಾಲ್ಕು ಬಾಗಿಲು ಮಾಡುವ ಶೆಡ್ಡಿನಲ್ಲಿ ಒಂದು ಮಗ್ಗುಲಿಗೆ ಉಳಿಯುವುದು 28 ನಿಮಿಷ, ಎರಡೂ ಮಗ್ಗುಲಿಗೆ ಸೇರಿಸಿದರೆ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಕಾಗದ ಬದಲಿಸುವ ಸಮಯ ಸೇರಿಸಿದರೆ ಇನ್ನೊಂದಿಷ್ಟು. ಡ್ರಮ್ಮಿಗೆ ಬೇರೆ ನಂಬರಿನ ಕಾಗದ ಸುತ್ತಲು ಕೆಲವು ನಿಮಿಷ ಹಿಡಿಯುತ್ತದೆ, ಬೆಲ್ಟನ್ನು ಬಳೆ ಬದಲಿಸಿದ ಹಾಗೆ ಬದಲಿಸಬಹುದು. ವಾರಕ್ಕೆ ಒಂದೆರಡು ಗಂಟೆ ಉಳಿಸಲು ಹಲವು ಪಟ್ಟು ಹೆಚ್ಚು ಬೆಲೆ ಕೊಡಬೇಕೇ? ದಿನಕ್ಕೆ ನಲ್ವತ್ತು ಹಲಗೆ ಹೋಗುವ ಕಡೆ ಆ ಉತ್ತರ ಪೂರ್ತಿ ಬೇರೆ. ಅಲ್ಲಿ ಡ್ರಮ್ಮಿನಲ್ಲಿ ಐದು ಗಂಟೆಗೂ ಹೆಚ್ಚು ಹಿಡಿಯುವ ಕೆಲಸ ಬೆಲ್ಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ಕರೆಂಟಿನ ಲೆಕ್ಕವೂ ಹೀಗೇ. ಸಣ್ಣ ಡ್ರಮ್ ಸ್ಯಾಂಡರಿಗೆ 3 ಅಶ್ವಶಕ್ತಿ ಸಾಕು: 3 × 746, ಸುಮಾರು 2.2 ಕಿಲೋವ್ಯಾಟ್. ಸಿಂಗಲ್ ಫೇಸಿನಲ್ಲಿ ಓಡುತ್ತದೆ. ಬೆಲ್ಟಿಗೆ 15 ಅಶ್ವಶಕ್ತಿ ಎಂದರೆ 11 ಕಿಲೋವ್ಯಾಟಿಗಿಂತ ಹೆಚ್ಚು. ಇದನ್ನು 230 ವೋಲ್ಟಿನ ಒಂದೇ ಫೇಸಿನಲ್ಲಿ ಎಳೆದರೆ ತಂತಿಯಲ್ಲಿ ಸುಮಾರು 50 ಆಂಪಿಯರ್ ಹರಿಯಬೇಕು. ಮೂರು ಫೇಸಿಗೆ ಹಂಚಿದರೆ ಪ್ರತಿ ತಂತಿಗೆ ಮೂರರಲ್ಲಿ ಒಂದು ಪಾಲು. ಇನ್ನೊಂದು ಚಂದದ ಸಂಗತಿ ಕೇಳಿ. ಸಿಂಗಲ್ ಫೇಸಿನಲ್ಲಿ ಬರುವ ಶಕ್ತಿ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಮೂರು ಫೇಸಿನಲ್ಲಿ ಒಂದು ಇಳಿಯುವಾಗ ಇನ್ನೊಂದು ಏರಿರುವುದರಿಂದ ಒಟ್ಟು ಶಕ್ತಿ ಸಮನಾಗಿರುತ್ತದೆ, ಮೋಟರ್ ನಡುಗದೆ ತಿರುಗುತ್ತದೆ. ದೊಡ್ಡ ಯಂತ್ರಗಳೆಲ್ಲ ತ್ರೀ ಫೇಸ್ ಕೇಳುವುದು ಸುಮ್ಮನೆ ಅಲ್ಲ. ಆದರೆ ಆ ಕನೆಕ್ಷನ್, ಕಂಪ್ರೆಸರ್, ಭಾರ ತಡೆಯುವ ನೆಲ, ಇವೆಲ್ಲ ಯಂತ್ರದ ಬಿಲ್ಲಿನಲ್ಲಿ ಇರುವುದಿಲ್ಲ.

ನಮ್ಮ ಕಡೆಯವರು ಯೋಚಿಸಬೇಕಾದ ಎರಡು ಮಾತು ಬೇರೆ ಉಂಟು. ಒಂದು ಮಳೆಗಾಲ. ಜೂನ್ ಬಂತೆಂದರೆ ಕರಾವಳಿಯ ಗಾಳಿಯೇ ಒದ್ದೆ. ಕಾಗದದ ಬೆನ್ನು ಇರುವ ಅಗಲ ಬೆಲ್ಟು ತೇವ ಹೀರಿ ಡೊಂಕಾಗುತ್ತದೆ, ಡೊಂಕಾದ ಬೆಲ್ಟನ್ನು ಬಿಗಿದರೆ ಮಡಿಕೆ ಬಿದ್ದು ಹರಿಯುತ್ತದೆ. ಬಟ್ಟೆಯ ಬೆನ್ನಿನದ್ದು ಸ್ವಲ್ಪ ತಾಳುತ್ತದೆ. ಎರಡನೆಯದು ಹಳೇ ಮನೆಯ ಮರ. ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಮತ್ತೆ ಬಳಸುವುದು ನಮ್ಮಲ್ಲಿ ಸಾಮಾನ್ಯ. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು. ಡ್ರಮ್ಮಿನಲ್ಲಿ ಒಂದು ಪಟ್ಟಿ ಹೋಗುತ್ತದೆ, ಬೆಲ್ಟಿನದ್ದರಲ್ಲಿ ಇಡೀ ಬಳೆ. ಮೊಳೆಯ ಕಿಡಿ ಹುಡಿಯ ಪೈಪಿನೊಳಗೆ ಹೋದರೆ ಆಮೇಲೆ ಹೇಳುವುದೇ ಬೇಡ.

ಹುಡಿ

ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ, ಮೊದಲು ಯೋಚಿಸಬೇಕಾದದ್ದೂ ಇದನ್ನೇ. ನಮ್ಮ ಬೆಲ್ಟು ಒಂದು ನಿಮಿಷಕ್ಕೆ ತೆಗೆಯುವ ಮರದ ಗಾತ್ರ ಎಷ್ಟು? 600 ಸೆಂ.ಮೀ. ಉದ್ದ × 60 ಸೆಂ.ಮೀ. ಅಗಲ × 0.05 ಸೆಂ.ಮೀ. ದಪ್ಪ = 1800 ಘನ ಸೆಂ.ಮೀ. ಒಣ ಹಲಸಿನ ಮರದ ಸಾಂದ್ರತೆ ಸುಮಾರು 0.6 ಎಂದಿಟ್ಟರೆ 1080 ಗ್ರಾಂ. ನಿಮಿಷಕ್ಕೆ ಒಂದು ಕಿಲೋಗಿಂತ ಹೆಚ್ಚು ಹುಡಿ! ಡ್ರಮ್ಮಿನದ್ದು ಇದೇ ಲೆಕ್ಕದಲ್ಲಿ 144 ಗ್ರಾಂ. ಅದನ್ನು ಸಣ್ಣದು ಅನ್ನಬೇಡಿ. ಎಂಟು ನಿಮಿಷ ಓಡಿದರೆ ಅದೂ ಒಂದು ಕಿಲೋ ದಾಟುತ್ತದೆ.

ಇದು ಗರಗಸದ ಹುಡಿಯ ಹಾಗೆ ಕಾಲ ಬುಡಕ್ಕೆ ಬೀಳುವ ಹುಡಿ ಅಲ್ಲ. ತುಂಬಾ ಭಾಗ ಗಾಳಿಯಲ್ಲೇ ತೇಲುತ್ತದೆ. 10 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಮೂಗಿನ ಕೂದಲು ಪೂರ್ತಿ ತಡೆಯುವುದಿಲ್ಲ, ಅವು ಎದೆಯೊಳಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಕುಳಿಗಳ ಕ್ಯಾನ್ಸರ್. ಮುಖಕ್ಕೆ ತೋರ್ತು ಕಟ್ಟಿಕೊಂಡರೆ ದೊಡ್ಡ ಹುಡಿ ನಿಲ್ಲುತ್ತದೆ, ಸಣ್ಣದು ನುಗ್ಗುತ್ತದೆ. ಎನ್95 ಮಾಸ್ಕ್ ಅದಕ್ಕಿಂತ ಎಷ್ಟೋ ಮೇಲು.

ಬೆಂಕಿಯ ಅಪಾಯವೂ ಸಣ್ಣದಲ್ಲ. 1 ಸೆಂ.ಮೀ. ಬಾಹುವಿನ ಮರದ ಘನಕ್ಕೆ ಆರು ಮುಖ, 6 ಚದರ ಸೆಂ.ಮೀ. ಮೇಲ್ಮೈ. ಅದನ್ನೇ 0.1 ಮಿ.ಮೀ. ಘನಗಳಾಗಿ ಮಾಡಿದರೆ ಹತ್ತು ಲಕ್ಷ ಚೂರು, ಒಟ್ಟು ಮೇಲ್ಮೈ 600 ಚದರ ಸೆಂ.ಮೀ. ಆಮ್ಲಜನಕಕ್ಕೆ ನೂರು ಪಟ್ಟು ಹೆಚ್ಚು ಜಾಗ ಸಿಕ್ಕಿತು. ಒಲೆಯಲ್ಲಿ ನಿಧಾನ ಉರಿಯುವ ಮರವೇ ಹುಡಿಯಾಗಿ ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿಗೆ ಸ್ಫೋಟಿಸಬಹುದು.

ಆದ್ದರಿಂದ ಎರಡರಲ್ಲಿ ಯಾವುದನ್ನೇ ತಂದರೂ ಹುಡಿ ಎಳೆಯುವ ಯಂತ್ರ ಇಲ್ಲದೆ ಸ್ವಿಚ್ ಹಾಕಬಾರದು. ಬೆಲ್ಟಿಗೆ ಬೇಕಾದ ಹುಡಿಯಂತ್ರ ದೊಡ್ಡದು, ಅದಕ್ಕೂ ಬೇರೆ ಮೋಟರ್, ಬೇರೆ ಖರ್ಚು. ಸಾಲದ ಹಣವೆಲ್ಲ ಬೆಲ್ಟಿಗೇ ಮುಗಿದು, ಹುಡಿಯಂತ್ರ ಮುಂದಿನ ವರ್ಷ ನೋಡುವಾ ಅನ್ನುವ ಸ್ಥಿತಿ ಬಂದರೆ, ನನ್ನ ಅಭಿಪ್ರಾಯದಲ್ಲಿ ಆ ಬೆಲ್ಟು ತರಲೇಬಾರದು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಬಾಗಿಲು, ಕಿಟಕಿ, ಮಂಚ ಹೀಗೆ ವಾರಕ್ಕೆ ನಾಲ್ಕೈದು ಕೆಲಸ ಇರುವ ಶೆಡ್ಡಿಗೆ ಡ್ರಮ್ ಸಾಕು, ಉಳಿದ ಹಣದಲ್ಲಿ ಒಳ್ಳೆಯ ಹುಡಿಯಂತ್ರ ತೆಗೆಯಲಿ. ದಿನವೂ ಹತ್ತಾರು ಹಲಗೆಯ ಆರ್ಡರ್ ಕೈಯಲ್ಲಿ ಇದ್ದರೆ, ಬರಬಹುದು ಎಂದಲ್ಲ, ಈಗಾಗಲೇ ಇದ್ದರೆ, ಬೆಲ್ಟಿನ ಮಾತು ತೆಗೆಯಬಹುದು. ಮೂರನೆಯ ದಾರಿಯೂ ಉಂಟು. ಬೆಲ್ಟ್ ಯಂತ್ರ ಇರುವ ಮಿಲ್ಲು ಹತ್ತಿರ ಇದ್ದರೆ ಅಗಲದ ಹಲಗೆಗಳನ್ನು ಮಾತ್ರ ಒಟ್ಟು ಮಾಡಿ ಜೀಪಿನಲ್ಲಿ ಒಯ್ದು, ಬಾಡಿಗೆ ಕೊಟ್ಟು ಉಜ್ಜಿಸಿ ತರುವುದು. ಅಕ್ಕಿ ಮಾಡಿಸಲು ನಾವೇನು ಮನೆಮನೆಗೆ ಮಿಲ್ಲು ಇಟ್ಟಿದ್ದೇವೆಯೇ?

ನಿಮಗೊಂದು ಕೆಲಸ

ನಿಮ್ಮ ಊರಿನ ಮರದ ಕೆಲಸದ ಶೆಡ್ಡಿಗೆ ದೊಡ್ಡವರ ಜೊತೆ ಹೋಗಿ. ಯಂತ್ರ ನಿಂತಿರುವಾಗ ಮಾತ್ರ ಹತ್ತಿರ ಹೋಗಿ, ಓಡುವಾಗ ದೂರ. ಡ್ರಮ್ ಆದರೆ ದಾರ ಸುತ್ತಿ ಸುತ್ತಳತೆ ಅಳೆಯಿರಿ, ಮೋಟರಿನ ಮೇಲಿನ ಫಲಕದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂದು ನೋಡಿ ಬರೆದುಕೊಳ್ಳಿ. ಮೋಟರಿಗೂ ಡ್ರಮ್ಮಿಗೂ ನಡುವೆ ಪುಲ್ಲಿ ಇದ್ದರೆ ಎರಡರ ವ್ಯಾಸವೂ ಬೇಕು. ಬೆಲ್ಟ್ ಆದರೆ ಬಳೆಯ ಉದ್ದ ಒಳಬದಿಯಲ್ಲಿ ಅಚ್ಚಾಗಿರುತ್ತದೆ. ಒಂದು ಕಣ ಸೆಕೆಂಡಿಗೆ ಎಷ್ಟು ಸಲ ಮರ ಮುಟ್ಟುತ್ತದೆ, ಎಷ್ಟು ಹೊತ್ತು ವಿಶ್ರಾಂತಿ ಪಡೆಯುತ್ತದೆ ಎಂದು ಲೆಕ್ಕ ಹಾಕಿ. ಬರುವ ಮೊದಲು ಕಪ್ಪು ಬಣ್ಣದ ಒಂದು ರಟ್ಟನ್ನು ಯಂತ್ರದಿಂದ ಐದು ಮೀಟರ್ ದೂರದ ಕಿಟಕಿಯಲ್ಲಿ ಇಟ್ಟು ಬನ್ನಿ. ಮರುದಿನ ಸಂಜೆ ಅದರ ಮೇಲೆ ಬೆರಳಿನಿಂದ ನಿಮ್ಮ ಹೆಸರು ಬರೆಯಲು ಆಗುತ್ತದೋ ನೋಡಿ. ಲೆಕ್ಕ ಮತ್ತು ರಟ್ಟಿನ ಸುದ್ದಿ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ನಿಮ್ಮ ವಿಜ್ಞಾನದ ಟೀಚರಿಗೆ ಕೊಡಿ.